ಸರ್ವರ್‌ಗಳ ಟೈಮ್ ಸರಿ ಇಡುವುದು ಹೇಗೆ: ಕ್ರೋನಿ ಹಾಕಿದ ಮೇಲೂ ಉಳಿಯುವ ಕೆಲಸ

ಎರಡು ಸರ್ವರ್‌ಗಳ ಲಾಗ್ ಪಕ್ಕಪಕ್ಕ ಇಟ್ಟು ನೋಡುತ್ತಿದ್ದೀರಿ ಅಂದುಕೊಳ್ಳಿ. ವೆಬ್ ಸರ್ವರ್ 10:42:09ಕ್ಕೆ ಪ್ರಶ್ನೆ ಕಳಿಸಿದೆ. ಡೇಟಾಬೇಸ್ ಸರ್ವರ್ ಅದಕ್ಕೆ 10:42:07ಕ್ಕೇ ಉತ್ತರ ಕೊಟ್ಟಿದೆ. ಕೇಳುವ ಮುಂಚೆಯೇ ಉತ್ತರ! ಕೋಡ್ ಸರಿಯಾಗಿಯೇ ಇರಬಹುದು. ಎರಡು ಯಂತ್ರಗಳ ಗಡಿಯಾರ ಹೊಂದುತ್ತಿಲ್ಲ, ಅಷ್ಟೇ. ಆದರೆ ಅದು ಗೊತ್ತಾಗುವ ಹೊತ್ತಿಗೆ ಅರ್ಧ ದಿನ ಕಳೆದಿರುತ್ತದೆ.

ಸರ್ವರ್ ಎಷ್ಟೇ ದುಬಾರಿಯಾಗಿರಲಿ, ಅದರ ಒಳಗೆ ಸಮಯ ಎಣಿಸುವುದು ಒಂದು ಸಣ್ಣ ಕ್ವಾರ್ಟ್ಜ್ ಹರಳು. ಹತ್ತು ಲಕ್ಷ ಸೆಕೆಂಡಿಗೆ 20 ಸೆಕೆಂಡ್ ಆಚೀಚೆ ಆಗುವುದು ಅಂಥ ಹರಳಿಗೆ ಮಾಮೂಲು. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಲೆಕ್ಕ ಹಾಕಿದರೆ ದಿನಕ್ಕೆ 1.7 ಸೆಕೆಂಡ್, ತಿಂಗಳಿಗೆ ಐವತ್ತು ಸೆಕೆಂಡಿಗೂ ಜಾಸ್ತಿ. ಯಂತ್ರ ಬಿಸಿಯಾದಾಗ, ತಣ್ಣಗಾದಾಗ ಈ ವೇಗವೂ ಬದಲಾಗುತ್ತದೆ. ಹಾಗಾಗಿ ಒಂದು ಸಲ ಸರಿ ಮಾಡಿ ಬಿಟ್ಟರೆ ಸಾಲದು, ಸರ್ವರ್ ಆಗಾಗ ಹೊರಗಿನ ಒಂದು ನಂಬಿಕಸ್ತ ಗಡಿಯಾರವನ್ನು ಕೇಳುತ್ತಲೇ ಇರಬೇಕು. ಈ ಕೇಳುವ ವಿಧಾನವೇ ನೆಟ್‌ವರ್ಕ್ ಟೈಮ್ ಪ್ರೋಟೋಕಾಲ್, ಎಲ್ಲರ ಬಾಯಲ್ಲಿ ಎನ್‌ಟಿಪಿ. ಡೇವಿಡ್ ಮಿಲ್ಸ್ 1985ರಲ್ಲಿ ಬರೆದಿಟ್ಟ ಈ ಪ್ರೋಟೋಕಾಲ್‌ನ ನಾಲ್ಕನೇ ಆವೃತ್ತಿ ಈಗ ಬಳಕೆಯಲ್ಲಿದೆ.

ಲಿನಕ್ಸ್‌ನಲ್ಲಿ ಇದಕ್ಕೆ ಕ್ರೋನಿ ಅನ್ನುವ ಸಾಫ್ಟ್‌ವೇರ್ ಹಾಕುವುದು ಹತ್ತು ನಿಮಿಷದ ಕೆಲಸ. ಹಾಕಿದ ಮೇಲೆ ಅದು ನಿಜಕ್ಕೂ ಸಮಯ ಸರಿ ಇಡುತ್ತಿದೆಯಾ ಅಂತ ನೋಡುವುದನ್ನೇ ಜನ ಬಿಡುತ್ತಾರೆ. ಅದಕ್ಕೇ ಇಲ್ಲಿ ಆ ಭಾಗಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಇನ್ನೊಂದು ಮಾತು: ಕಮಾಂಡ್‌ಗಳನ್ನು, ಸರ್ವರ್ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ನಿಮಗೆ ಎಷ್ಟು ನಿಖರತೆ ಬೇಕು?

ಎಲ್ಲರಿಗೂ ಮೈಕ್ರೋಸೆಕೆಂಡ್ ಬೇಕಿಲ್ಲ. ವಿಂಡೋಸ್ ಡೊಮೇನ್ ಲಾಗಿನ್‌ಗೆ ಬಳಸುವ ಕೆರ್ಬೆರೋಸ್ ಸಾಮಾನ್ಯವಾಗಿ 5 ನಿಮಿಷದವರೆಗೆ ಸಹಿಸುತ್ತದೆ. ಅಮೆಜಾನ್‌ನ ಎಸ್3 ಸ್ಟೋರೇಜ್ 15 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ನಿಮ್ಮ ವಿನಂತಿಯನ್ನೇ ತಿರಸ್ಕರಿಸುತ್ತದೆ. ಮೊಬೈಲ್ ಆಪ್‌ನಲ್ಲಿ ಬರುವ ಆರು ಅಂಕಿಯ ಕೋಡ್ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಸರ್ವರ್ ಗಡಿಯಾರ ಒಂದೆರಡು ನಿಮಿಷ ತಪ್ಪಿದರೆ ಯಾರೂ ಲಾಗಿನ್ ಆಗಲಾರರು. ಆಗ ಎಲ್ಲರೂ ಪಾಸ್‌ವರ್ಡ್ ಬದಲಾಯಿಸುತ್ತಾ ಕೂರುತ್ತಾರೆ.

ಇವೆಲ್ಲ ಜೋರಾಗಿ ಕೂಗಿ ಹೇಳುವ ತೊಂದರೆಗಳು. ಸದ್ದಿಲ್ಲದೆ ಕಾಡುವವು ಬೇರೆ ಇವೆ. ಕಸಾಂಡ್ರಾದಂಥ ಡೇಟಾಬೇಸ್ ಒಂದೇ ಸಾಲಿಗೆ ಎರಡು ಬರಹ ಬಂದಾಗ ಯಾವುದರ ಟೈಮ್‌ಸ್ಟ್ಯಾಂಪ್ ಹೊಸದೋ ಅದನ್ನು ಇಟ್ಟುಕೊಳ್ಳುತ್ತದೆ. ಒಂದು ಯಂತ್ರದ ಗಡಿಯಾರ ಅರ್ಧ ಸೆಕೆಂಡ್ ಮುಂದಿದ್ದರೆ, ನಿಜಕ್ಕೂ ಆಮೇಲೆ ಬಂದ ಬರಹವೇ ಕಳೆದುಹೋಗಬಹುದು. ಎರರ್ ಇಲ್ಲ, ಲಾಗ್‌ನಲ್ಲಿ ಒಂದು ಗೆರೆಯೂ ಇಲ್ಲ.

ಸಾಮಾನ್ಯ ವೆಬ್ ಕೆಲಸಕ್ಕೆ ಕೆಲವು ಮಿಲಿಸೆಕೆಂಡ್ ಒಳಗಿದ್ದರೆ ಸಾಕು. ಎನ್‌ಟಿಪಿ ಅದನ್ನು ಆರಾಮಾಗಿ ಕೊಡುತ್ತದೆ. ಷೇರು ವ್ಯಾಪಾರದಂಥ ಕಡೆ ಮೈಕ್ರೋಸೆಕೆಂಡ್ ಬೇಕಾದರೆ ಪಿಟಿಪಿ ಅನ್ನುವ ಬೇರೆ ದಾರಿ ಇದೆ. ಅದಕ್ಕೆ ನೆಟ್‌ವರ್ಕ್ ಕಾರ್ಡ್, ಸ್ವಿಚ್ ಎಲ್ಲ ಒಪ್ಪಬೇಕು. ಇಲ್ಲಿ ಅದರ ಗೋಜು ಬೇಡ.

ಹಂತ 1: ಈಗ ಏನು ಓಡುತ್ತಿದೆ ನೋಡಿ

ಟೈಮ್‌ಡೇಟ್‌ಸಿಟಿಎಲ್

ಈ ಕಮಾಂಡ್ ಕೊಟ್ಟರೆ ಬರುವ ಸಾಲುಗಳಲ್ಲಿ ಎರಡು ಮುಖ್ಯ. ಒಂದು 'ಎನ್‌ಟಿಪಿ ಸರ್ವಿಸ್: ಆ್ಯಕ್ಟಿವ್'. ಇನ್ನೊಂದು 'ಸಿಸ್ಟಮ್ ಕ್ಲಾಕ್ ಸಿಂಕ್ರನೈಸ್ಡ್: ಯೆಸ್'. ಮೊದಲನೆಯದು ಪ್ರೋಗ್ರಾಂ ಓಡುತ್ತಿದೆ ಅಂತ ಮಾತ್ರ ಹೇಳುತ್ತದೆ. ಅದಕ್ಕೆ ಹೊರಗಿನಿಂದ ಒಂದೂ ಉತ್ತರ ಬರದಿದ್ದರೂ ಆ್ಯಕ್ಟಿವ್ ಅಂತಲೇ ಇರುತ್ತದೆ. ಬಹಳ ಜನ ಅಷ್ಟನ್ನು ನೋಡಿ ಎದ್ದುಬಿಡುತ್ತಾರೆ.

ರೆಡ್ ಹ್ಯಾಟ್ 8 ಮತ್ತು ಅದರ ನಂತರದವುಗಳಲ್ಲಿ, ಅಮೆಜಾನ್ ಲಿನಕ್ಸ್‌ನಲ್ಲಿ ಕ್ರೋನಿಯೇ ಇರುತ್ತದೆ. ಹಳೆಯ ಉಬುಂಟು ಸರ್ವರ್‌ಗಳಲ್ಲಿ ಟೈಮ್‌ಸಿಂಕ್‌ಡಿ ಅನ್ನುವ ಸರಳ ಪ್ರೋಗ್ರಾಂ ಇರುತ್ತದೆ. ಅದು ಒಂದು ಹೊತ್ತಿಗೆ ಒಂದೇ ಸರ್ವರನ್ನು ಕೇಳುತ್ತದೆ, ಆ ಸರ್ವರ್ ಸುಳ್ಳು ಹೇಳಿದರೆ ಅದನ್ನೇ ನಂಬುತ್ತದೆ. ಲ್ಯಾಪ್‌ಟಾಪ್‌ಗೆ ಪರವಾಗಿಲ್ಲ. ಸರ್ವರ್‌ಗೆ ನಾನಂತೂ ಕ್ರೋನಿಯನ್ನೇ ಹಾಕುತ್ತೇನೆ.

ಒಂದು ಯಂತ್ರದ ಗಡಿಯಾರ ಒಬ್ಬರ ಕೈಯಲ್ಲೇ ಇರಬೇಕು. ವಿಎಂವೇರ್ ಮೇಲೆ ಓಡುವ ಯಂತ್ರವಾದರೆ ವಿಎಂವೇರ್ ಟೂಲ್ಸ್ ಕೂಡ ನಿಗದಿತ ಅವಧಿಗೊಮ್ಮೆ ಟೈಮ್ ತಿದ್ದುವಂತೆ ಆನ್ ಆಗಿರಬಹುದು. ಕ್ರೋನಿ ಈ ಕಡೆ ಎಳೆಯುತ್ತದೆ, ಅದು ಆ ಕಡೆ. ಟೂಲ್ಸ್‌ನಲ್ಲಿ ಟೈಮ್‌ಸಿಂಕ್ ಸ್ಟೇಟಸ್ ನೋಡಿ, ಆನ್ ಇದ್ದರೆ ಆಫ್ ಮಾಡಿ. ಯಾರೋ ಯಾವಾಗಲೋ ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಪಟ್ಟಿ) ಗಂಟೆಗೊಮ್ಮೆ ಟೈಮ್ ತಿದ್ದುವ ಎನ್‌ಟಿಪಿಡೇಟ್ ಕಮಾಂಡ್ ಓಡುವಂತೆ ಇಟ್ಟಿದ್ದರೆ ಅದನ್ನೂ ತೆಗೆಯಿರಿ. ಹಳೇ ಸರ್ವರ್‌ಗಳಲ್ಲಿ ಇದು ಸಿಕ್ಕೇ ಸಿಗುತ್ತದೆ.

ಕಂಟೇನರ್ ಒಳಗೆ ಏನೂ ಹಾಕಬೇಡಿ. ಕಂಟೇನರ್‌ಗೆ ತನ್ನದೇ ಅಂತ ಗಡಿಯಾರ ಇಲ್ಲ, ಹೋಸ್ಟ್‌ನ ಕರ್ನಲ್ ಏನು ಹೇಳುತ್ತದೋ ಅದೇ. ಹೋಸ್ಟ್ ಸರಿ ಇದ್ದರೆ ಮೇಲಿರುವ ಎಲ್ಲವೂ ಸರಿ.

ಹಂತ 2: ಯಾರನ್ನು ಕೇಳಬೇಕು?

ಭಾರತದಲ್ಲಿ ಸರ್ವರ್ ನಡೆಸುವವರಿಗೆ ಇದು ಬರೀ ಇಷ್ಟದ ಪ್ರಶ್ನೆಯಲ್ಲ. ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 28 ಏಪ್ರಿಲ್ 2022ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು, ಡೇಟಾ ಸೆಂಟರ್‌ಗಳು, ಸರ್ಕಾರಿ ಸಂಸ್ಥೆಗಳು ಎನ್ಐಸಿ (ಸರ್ಕಾರದ ಐಟಿ ಕೇಂದ್ರ) ಅಥವಾ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಟೈಮ್ ಸರ್ವರ್‌ಗೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಸರ್ವರ್‌ಗೆ ತಮ್ಮ ಗಡಿಯಾರ ಜೋಡಿಸಬೇಕು. ಹಲವು ದೇಶಗಳಲ್ಲಿ ಸರ್ವರ್ ಇರುವವರು ಬೇರೆ ಒಳ್ಳೆಯ ಮೂಲ ಬಳಸಬಹುದು, ಆದರೆ ಇವೆರಡರಿಂದ ವ್ಯತ್ಯಾಸ ಬರಬಾರದು. ಅದೇ ನಿರ್ದೇಶನ 180 ದಿನದ ಲಾಗ್ ಇಟ್ಟುಕೊಳ್ಳಲು ಹೇಳುತ್ತದೆ. ಎರಡೂ ಒಂದೇ ಕಡೆ ಬಂದದ್ದು ಸುಮ್ನೆ ಅಲ್ಲ. ಟೈಮ್ ಸರಿ ಇಲ್ಲದ ಲಾಗ್ ಇಟ್ಟುಕೊಂಡು ತನಿಖೆ ಮಾಡುವವರು ಏನು ಮಾಡಬೇಕು?

ಭಾರತೀಯ ಕಾಲಮಾನವನ್ನು ಕಾಯುವುದು ಈ ದೆಹಲಿ ಪ್ರಯೋಗಾಲಯವೇ, ಅಲ್ಲಿ ಪರಮಾಣು ಗಡಿಯಾರಗಳಿವೆ. ಅಲ್ಲಿಂದ ಬೆಂಗಳೂರೂ ಸೇರಿ ಐದು ಊರುಗಳ ಪ್ರಾದೇಶಿಕ ಮಾಪನ ಪ್ರಯೋಗಾಲಯಗಳ ಮೂಲಕ ಸಮಯ ಹಂಚುವ ಯೋಜನೆಯನ್ನು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಕೈಗೆತ್ತಿಕೊಂಡಿದೆ.

ಇನ್ನು ಎಷ್ಟು ಸರ್ವರ್ ಬರೆಯಬೇಕು? ಒಂದೇ ಬರೆದರೆ ಅದು ತಪ್ಪಿದಾಗ ನಿಮಗೆ ಗೊತ್ತೇ ಆಗುವುದಿಲ್ಲ. ಎರಡು ಬರೆದರೆ ಒಂದು ತಪ್ಪಿದಾಗ ಯಾವುದು ತಪ್ಪು ಅಂತ ಗೊತ್ತಾಗುವುದಿಲ್ಲ. ಮೂರಿದ್ದರೆ ಬಹುಮತ ಸಿಗುತ್ತದೆ. ನಾಲ್ಕಿದ್ದರೆ ಒಂದು ಕೆಟ್ಟು ನಿಂತಾಗಲೂ ಬಹುಮತ ಉಳಿಯುತ್ತದೆ. ಹಾಗಾಗಿ ಕನಿಷ್ಠ ನಾಲ್ಕು, ಅದೂ ಒಂದೇ ಸಂಸ್ಥೆಯವು ಬೇಡ.

ಕ್ಲೌಡ್‌ನಲ್ಲಿದ್ದರೆ ಲೆಕ್ಕ ಸ್ವಲ್ಪ ಬೇರೆ. ಅಮೆಜಾನ್‌ನಲ್ಲಿ 169.254.169.123 ಅನ್ನುವ ವಿಳಾಸದಲ್ಲಿ ಯಂತ್ರದ ಪಕ್ಕದಲ್ಲೇ ಸಮಯ ಸಿಗುತ್ತದೆ. ಇಂಟರ್ನೆಟ್‌ಗೆ ಹೋಗುವ ಅಗತ್ಯವೇ ಇಲ್ಲ. ಅಷ್ಟು ಹತ್ತಿರದ ಮೂಲ ಬಿಟ್ಟು ದೂರದ್ದನ್ನು ಕೇಳುವುದು ತಾಂತ್ರಿಕವಾಗಿ ನಷ್ಟ. ನಿಯಮದ ಕಡೆಯಿಂದ ಏನು ಬೇಕು ಅಂತ ನಿಮ್ಮ ಆಡಿಟ್ ನೋಡಿಕೊಳ್ಳುವವರ ಜೊತೆ ಮೊದಲೇ ಮಾತಾಡಿ ಬರೆದಿಟ್ಟುಕೊಳ್ಳಿ.

ಹಂತ 3: ಕ್ರೋನಿ ಹಾಕಿ, ಕಾನ್ಫಿಗ್ ಬರೆಯಿರಿ

ರೆಡ್ ಹ್ಯಾಟ್ ಬಳಗದಲ್ಲಿ ಡಿಎನ್ಎಫ್‌ನಿಂದ, ಉಬುಂಟು ಮತ್ತು ಡೆಬಿಯನ್‌ನಲ್ಲಿ ಎಪಿಟಿಯಿಂದ ಕ್ರೋನಿ ಇನ್‌ಸ್ಟಾಲ್ ಮಾಡಿ. ಮೊದಲನೆಯದರಲ್ಲಿ ಕಾನ್ಫಿಗ್ ಫೈಲ್ /ಇಟಿಸಿ/ಕ್ರೋನಿ.ಕಾನ್ಫ್. ಎರಡನೆಯದರಲ್ಲಿ /ಇಟಿಸಿ/ಕ್ರೋನಿ/ಕ್ರೋನಿ.ಕಾನ್ಫ್. ಸರ್ವಿಸ್ ಹೆಸರು ಒಂದು ಕಡೆ ಕ್ರೋನಿಡಿ, ಇನ್ನೊಂದು ಕಡೆ ಕ್ರೋನಿ. ಎರಡೂ ಬಗೆಯ ಸರ್ವರ್ ಇರುವ ಕಡೆ ಇದೊಂದು ಸಣ್ಣ ಕಿರಿಕಿರಿ.

ಫೈಲ್‌ನಲ್ಲಿ ಬೇಕಾದದ್ದು ಇಷ್ಟೇ:

ಸರ್ವರ್ ಸಮಯ್1.ಎನ್ಐಸಿ.ಇನ್ ಐಬರ್ಸ್ಟ್
ಸರ್ವರ್ ಸಮಯ್2.ಎನ್ಐಸಿ.ಇನ್ ಐಬರ್ಸ್ಟ್
ಸರ್ವರ್ ಟೈಮ್.ಎನ್‌ಪಿಎಲ್‌ಇಂಡಿಯಾ.ಆರ್ಗ್ ಐಬರ್ಸ್ಟ್
ಪೂಲ್ ಇನ್.ಪೂಲ್.ಎನ್‌ಟಿಪಿ.ಆರ್ಗ್ ಐಬರ್ಸ್ಟ್ ಮ್ಯಾಕ್ಸ್‌ಸೋರ್ಸಸ್ 2
ಡ್ರಿಫ್ಟ್‌ಫೈಲ್ /ವಾರ್/ಲಿಬ್/ಕ್ರೋನಿ/ಡ್ರಿಫ್ಟ್
ಮೇಕ್‌ಸ್ಟೆಪ್ 1.0 3
ಆರ್‌ಟಿಸಿಸಿಂಕ್

ಮೊದಲ ಮೂರು ಸಾಲು ನಿರ್ದೇಶನದಲ್ಲಿ ಹೇಳಿದ ಎರಡು ಸಂಸ್ಥೆಗಳವು. ನಾಲ್ಕನೆಯದು ಸ್ವಯಂಸೇವಕರು ನಡೆಸುವ ಎನ್‌ಟಿಪಿ ಪೂಲ್‌ನ ಭಾರತದ ಭಾಗ, ಅದರಿಂದ ಎರಡು ಯಂತ್ರ ಸಾಕು. ಐಬರ್ಸ್ಟ್ ಅಂದರೆ ಶುರುವಿನಲ್ಲಿ ಬೇಗಬೇಗ ನಾಲ್ಕಾರು ಸಲ ಕೇಳು ಅಂತ. ಇಲ್ಲದಿದ್ದರೆ ಬೂಟ್ ಆದ ಮೇಲೆ ಸಮಯ ಹೊಂದಲು ನಿಮಿಷಗಟ್ಟಲೆ ಕಾಯಬೇಕು. ಡ್ರಿಫ್ಟ್‌ಫೈಲ್‌ನಲ್ಲಿ ನಿಮ್ಮ ಹರಳು ಎಷ್ಟು ವೇಗ, ಎಷ್ಟು ನಿಧಾನ ಅಂತ ಕ್ರೋನಿ ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಬೂಟ್‌ಗೆ ಅದು ಹೊಸದಾಗಿ ಕಲಿಯಬೇಕಿಲ್ಲ. ಆರ್‌ಟಿಸಿಸಿಂಕ್ ಅಂದರೆ ಯಂತ್ರದ ಹಾರ್ಡ್‌ವೇರ್ ಗಡಿಯಾರವನ್ನೂ ಹೊಂದಿಸುತ್ತಿರು ಅಂತ.

ಮೇಕ್‌ಸ್ಟೆಪ್ ಸಾಲನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ. ಗಡಿಯಾರ ಒಂದು ಸೆಕೆಂಡಿಗಿಂತ ಜಾಸ್ತಿ ತಪ್ಪಿದ್ದರೆ, ಶುರುವಾದ ಮೇಲಿನ ಮೊದಲ ಮೂರು ಅಪ್‌ಡೇಟ್‌ಗಳಲ್ಲಿ ಮಾತ್ರ ಒಮ್ಮೆಲೇ ಹಾರಿಸಿ ಸರಿ ಮಾಡು. ಆಮೇಲೆ ಹಾರಿಸಬೇಡ, ಗಡಿಯಾರವನ್ನು ಸ್ವಲ್ಪ ಬೇಗ ಅಥವಾ ಸ್ವಲ್ಪ ನಿಧಾನ ಓಡಿಸಿ ಹೊಂದಿಸು. ಓಡುತ್ತಿರುವ ಸರ್ವರ್‌ನಲ್ಲಿ ಟೈಮ್ ಹಿಂದಕ್ಕೆ ಹಾರಿದರೆ ಕಾಯುತ್ತಿರುವ ಪ್ರೋಗ್ರಾಂಗಳ ಟೈಮ್‌ಔಟ್ ಲೆಕ್ಕ ತಪ್ಪಬಹುದು. ಆಗಲೇ ಬರೆದ ಸಾಲಿಗಿಂತ ಹಳೆಯ ಟೈಮ್‌ಸ್ಟ್ಯಾಂಪ್ ಹೊತ್ತು ಹೊಸ ಸಾಲು ಬರುತ್ತದೆ.

ಲಿನಕ್ಸ್‌ನಲ್ಲಿ ಕ್ರೋನಿ ಈ ರೀತಿ ಒಂದು ಸೆಕೆಂಡ್ ತಪ್ಪನ್ನು ಹನ್ನೆರಡು ಸೆಕೆಂಡ್‌ನಲ್ಲಿ ಸರಿ ಮಾಡಬಲ್ಲದು. ಕ್ರೋನಿಗೂ ಮುಂಚೆ ಬಳಸುತ್ತಿದ್ದ ಎನ್‌ಟಿಪಿಡಿ ಅನ್ನುವ ಪ್ರೋಗ್ರಾಂಗೆ ಅದೇ ಕೆಲಸಕ್ಕೆ 2000 ಸೆಕೆಂಡ್, ಅಂದರೆ ಅರ್ಧ ಗಂಟೆಗೂ ಜಾಸ್ತಿ ಬೇಕಿತ್ತು. ಆದರೂ ಯಾವುದೋ ಕಾರಣಕ್ಕೆ ಗಡಿಯಾರ ಒಂದು ಗಂಟೆ ತಪ್ಪಿದ್ದರೆ ಕ್ರೋನಿಗೂ ಅರ್ಧ ದಿನ ಹಿಡಿಯುತ್ತದೆ. ಅಂಥ ಹೊತ್ತಲ್ಲಿ ಮೊದಲು ಅಪ್ಲಿಕೇಶನ್ ನಿಲ್ಲಿಸಿ, 'ಕ್ರೋನಿಸಿ ಮೇಕ್‌ಸ್ಟೆಪ್' ಕೊಟ್ಟು ಕೈಯಾರೆ ಹಾರಿಸಿ, ಮತ್ತೆ ಶುರು ಮಾಡಿ. ಆಗಾಗ ಸಸ್ಪೆಂಡ್ ಮಾಡಿ ಎಬ್ಬಿಸುವ ಟೆಸ್ಟ್ ಯಂತ್ರಗಳಿಗೆ 3 ಇರುವ ಕಡೆ -1 ಬರೆದರೆ ಯಾವಾಗ ಬೇಕಾದರೂ ಹಾರುತ್ತದೆ. ಡೇಟಾಬೇಸ್ ಇರುವ ಯಂತ್ರಕ್ಕೆ ಮಾತ್ರ ಹಾಗೆ ಬರೆಯಬೇಡಿ.

ಹಂತ 4: ಫೈರ್‌ವಾಲ್

ಎನ್‌ಟಿಪಿ ಬಳಸುವುದು ಯುಡಿಪಿ 123ನೇ ಪೋರ್ಟ್. ಹೊರಗೆ ಹೋಗಲು, ಅದರ ಉತ್ತರ ವಾಪಸ್ ಬರಲು ದಾರಿ ಇದ್ದರೆ ಸಾಕು.

ಇಲ್ಲಿ ಒಂದು ಹಳೇ ಗಂಟು ಇದೆ. ಎನ್‌ಟಿಪಿಡಿ ಕಾಲದಲ್ಲಿ ಕೇಳುವ ಯಂತ್ರದ ಕಡೆಯೂ 123ನೇ ಪೋರ್ಟೇ ಇರುತ್ತಿತ್ತು. ಹಾಗಾಗಿ ಆಗ ಬರೆದ ಫೈರ್‌ವಾಲ್ ನಿಯಮಗಳಲ್ಲಿ 'ಎರಡೂ ಕಡೆ 123 ಇದ್ದರೆ ಮಾತ್ರ ಬಿಡು' ಅಂತ ಇರುವುದುಂಟು. ಕ್ರೋನಿ ಪ್ರತಿ ಸಲ ಯಾವುದೋ ಬೇರೆ ಪೋರ್ಟ್‌ನಿಂದ ಕೇಳುತ್ತದೆ. ಪ್ಯಾಕೆಟ್ ಅಲ್ಲೇ ಬಿದ್ದುಹೋಗುತ್ತದೆ. ನೆಟ್‌ವರ್ಕ್ ತಂಡದವರನ್ನು ಕೇಳಿದರೆ 'ಎನ್‌ಟಿಪಿ ಓಪನ್ ಇದೆ ಅಲ್ವಾ' ಅನ್ನುತ್ತಾರೆ, ಅವರು ಹೇಳುವುದೂ ನಿಜವೇ. ಮೂಲ ಪೋರ್ಟ್ ಯಾವುದಾದರೂ ಇರಲಿ, ಗುರಿ ಪೋರ್ಟ್ 123 ಅಂತ ತಿದ್ದಿಸಿ.

ಇಂಟರ್ನೆಟ್‌ನಿಂದ ಒಳಗೆ ಬರುವ 123 ಅನ್ನು ತೆರೆಯಬೇಡಿ. ಸಣ್ಣ ಪ್ರಶ್ನೆಗೆ ದೊಡ್ಡ ಉತ್ತರ ಕೊಡುವ ಹಳೆಯ ಎನ್‌ಟಿಪಿಡಿಯ ಒಂದು ಸೌಲಭ್ಯವನ್ನು ದುರುಪಯೋಗ ಮಾಡಿಕೊಂಡು 2014ರ ಆಸುಪಾಸಿನಲ್ಲಿ ದೊಡ್ಡ ದಾಳಿಗಳೇ ನಡೆದವು. ಕ್ರೋನಿ ನೀವು 'ಅಲೌ' ಅಂತ ಬರೆಯುವ ತನಕ ಯಾರಿಗೂ ಸಮಯ ಹೇಳುವುದಿಲ್ಲ.

ಹತ್ತಿಪ್ಪತ್ತು ಸರ್ವರ್ ದಾಟಿದರೆ ಎಲ್ಲವನ್ನೂ ಹೊರಗೆ ಕಳಿಸುವ ಬದಲು ಒಳಗೇ ಮೂರು ಅಥವಾ ನಾಲ್ಕು ಯಂತ್ರಗಳನ್ನು ಟೈಮ್ ಸರ್ವರ್ ಮಾಡಿ. ಅವು ಹೊರಗೆ ಕೇಳಲಿ, ಉಳಿದವು ಅವನ್ನು ಕೇಳಲಿ. ಅವುಗಳ ಕಾನ್ಫಿಗ್‌ನಲ್ಲಿ ಅಲೌ ಸಾಲಿಗೆ ನಿಮ್ಮ ಒಳ ನೆಟ್‌ವರ್ಕ್‌ನ ವಿಳಾಸ ಮಾತ್ರ ಬರೆಯಿರಿ.

ಹಂತ 5: ಓಡುತ್ತಿದೆ ಸರಿ, ಹೊಂದುತ್ತಿದೆಯಾ?

ಕ್ರೋನಿಸಿ ಸೋರ್ಸಸ್

ಪ್ರತಿ ಸರ್ವರ್‌ಗೆ ಒಂದು ಸಾಲು ಬರುತ್ತದೆ. ಸಾಲಿನ ಮೊದಲಿಗೆ ^ ಗುರುತು, ಅದರ ಪಕ್ಕದಲ್ಲಿ ಇನ್ನೊಂದು ಗುರುತು. * ಇದ್ದರೆ ಅದೇ ಈಗ ಆಯ್ಕೆಯಾದ ಮೂಲ. + ಇದ್ದರೆ ಲೆಕ್ಕಕ್ಕೆ ಸೇರಿಸಿಕೊಂಡದ್ದು. - ಇದ್ದರೆ ಸದ್ಯಕ್ಕೆ ಪಕ್ಕಕ್ಕಿಟ್ಟದ್ದು. ಎಕ್ಸ್ ಬಂದರೆ ಬಹುಮತಕ್ಕೆ ವಿರುದ್ಧ ಸಮಯ ಹೇಳುತ್ತಿದೆ ಅಂತ ಕ್ರೋನಿ ತೀರ್ಮಾನಿಸಿದೆ. ಎಲ್ಲ ಸಾಲಲ್ಲೂ ? ಇದ್ದರೆ ಯಾವುದೂ ಹೊಂದಿಲ್ಲ, ಬಹುಪಾಲು ಫೈರ್‌ವಾಲ್ ಕಡೆಯ ತೊಂದರೆ.

ಅಲ್ಲೇ 'ರೀಚ್' ಅನ್ನುವ ಕಾಲಂ ಇದೆ. ಅದನ್ನು ಸಾಮಾನ್ಯ ಸಂಖ್ಯೆ ಅಂತ ಓದಬೇಡಿ. ಕಳೆದ ಎಂಟು ಸಲ ಕೇಳಿದ್ದಕ್ಕೆ ಉತ್ತರ ಬಂತೋ ಇಲ್ಲವೋ ಅನ್ನುವ ಎಂಟು ಬಿಟ್‌ಗಳನ್ನು ಆಕ್ಟಲ್‌ನಲ್ಲಿ, ಅಂದರೆ ಎಂಟರ ಆಧಾರದ ಸಂಖ್ಯೆಯಲ್ಲಿ, ಬರೆದದ್ದು ಅದು. ಹೊಸದಾಗಿ ಶುರು ಮಾಡಿದಾಗ 1, 3, 7, 17, 37 ಹೀಗೆ ಏರುತ್ತಾ 377ಕ್ಕೆ ಹೋಗಿ ನಿಲ್ಲುತ್ತದೆ. 377 ಅಂದರೆ ಎಂಟಕ್ಕೆ ಎಂಟೂ ಬಂದಿವೆ. 376 ಕಂಡರೆ ಈಗಷ್ಟೇ ಒಂದು ತಪ್ಪಿದೆ. ಅದು 375, 373, 367 ಹೀಗೆ ಬದಲಾಗುತ್ತಾ ಹೋದರೆ ಆ ಒಂದು ತಪ್ಪು ಹಿಂದಕ್ಕೆ ಸರಿಯುತ್ತಿದೆ, ಹೊಸ ತಪ್ಪು ಆಗಿಲ್ಲ ಅಂತ ಅರ್ಥ. 0 ಅಂದರೆ ಎಂಟರಲ್ಲಿ ಒಂದೂ ಬಂದಿಲ್ಲ.

ಈಗ ಮುಖ್ಯ ಕಮಾಂಡ್:

ಕ್ರೋನಿಸಿ ಟ್ರ್ಯಾಕಿಂಗ್

ಇದರ ಉತ್ತರ ಹೆಚ್ಚುಕಮ್ಮಿ ಹೀಗಿದೆ ಅಂದುಕೊಳ್ಳಿ. ಸಿಸ್ಟಮ್ ಟೈಮ್ 0.0002 ಸೆಕೆಂಡ್ ನಿಧಾನ. ಫ್ರೀಕ್ವೆನ್ಸಿ 18.6 ಪಿಪಿಎಂ (ಹತ್ತು ಲಕ್ಷ ಸೆಕೆಂಡಿಗೆ 18.6 ಸೆಕೆಂಡ್) ವೇಗ. ರೂಟ್ ಡಿಲೇ (ಮೂಲ ಗಡಿಯಾರದವರೆಗೆ ಹೋಗಿ ಬರಲು ಹಿಡಿಯುವ ಹೊತ್ತು) 0.046 ಸೆಕೆಂಡ್. ರೂಟ್ ಡಿಸ್ಪರ್ಷನ್ (ದಾರಿಯುದ್ದಕ್ಕೂ ಕೂಡಿಕೊಂಡ ಅನಿಶ್ಚಿತತೆ) 0.003 ಸೆಕೆಂಡ್.

ಫ್ರೀಕ್ವೆನ್ಸಿ ಹೇಳುವುದು ಕ್ರೋನಿ ಇಲ್ಲದಿದ್ದರೆ ಈ ಯಂತ್ರ ದಿನಕ್ಕೆ 1.6 ಸೆಕೆಂಡ್ ಮುಂದೆ ಓಡುತ್ತಿತ್ತು ಅಂತ. ಸಿಸ್ಟಮ್ ಟೈಮ್ ಸಾಲು ನೋಡಿ 'ಆಹಾ, 0.2 ಮಿಲಿಸೆಕೆಂಡ್ ಒಳಗಿದೆ' ಅಂತ ಖುಷಿ ಪಡುವುದು ಸಹಜ. ಅದು ಕ್ರೋನಿ ತನಗೆ ಸರಿ ಅನ್ನಿಸಿದ ಸಮಯಕ್ಕೂ ಗಡಿಯಾರಕ್ಕೂ ಇರುವ ವ್ಯತ್ಯಾಸ. ನಿಜವಾದ ಸಮಯಕ್ಕೆ ಎಷ್ಟು ದೂರ ಇರಬಹುದು ಅನ್ನಲು ಬೇರೆ ಲೆಕ್ಕ ಬೇಕು: ರೂಟ್ ಡಿಲೇಯ ಅರ್ಧ, ಅದಕ್ಕೆ ಡಿಸ್ಪರ್ಷನ್ ಕೂಡಿಸಿ, ಸಿಸ್ಟಮ್ ಟೈಮ್ ವ್ಯತ್ಯಾಸವನ್ನೂ ಸೇರಿಸಿ. ಇಲ್ಲಿ ಅದು 26 ಮಿಲಿಸೆಕೆಂಡ್ ಚಿಲ್ಲರೆ. ತಪ್ಪು ಅಷ್ಟಿದೆ ಅಂತಲ್ಲ, ಅಷ್ಟರ ಒಳಗಿದೆ ಅಂತ ಮಾತ್ರ ಧೈರ್ಯವಾಗಿ ಹೇಳಬಹುದು.

ಯಾಕೆ ಹೀಗೆ? ಎನ್‌ಟಿಪಿ ಪ್ಯಾಕೆಟ್ ಹೋಗಿ ಬರಲು ಹಿಡಿದ ಹೊತ್ತನ್ನು ಅಳೆದು, ಹೋಗಲು ಅರ್ಧ ಬರಲು ಅರ್ಧ ಅಂತ ಅಂದಾಜಿಸುತ್ತದೆ. ಹೋಗಲು 10, ಬರಲು 30 ಮಿಲಿಸೆಕೆಂಡ್ ಹಿಡಿದಿದ್ದರೆ ಅದು ಎರಡಕ್ಕೂ 20 ಅಂದುಕೊಳ್ಳುತ್ತದೆ. ನಿಮ್ಮ ಗಡಿಯಾರ 10 ಮಿಲಿಸೆಕೆಂಡ್ ತಪ್ಪಿ ನಿಲ್ಲುತ್ತದೆ. ಯಾವ ಕಮಾಂಡ್‌ನಲ್ಲೂ ಇದು ಕಾಣುವುದಿಲ್ಲ. ಆಫೀಸಿನ ಇಂಟರ್ನೆಟ್‌ನಲ್ಲಿ ಅಪ್‌ಲೋಡ್ ತುಂಬಿಕೊಂಡಿರುವಾಗ ಹೀಗಾಗುತ್ತದೆ. ಮದ್ದು ಒಂದೇ, ಹತ್ತಿರದ ಮೂಲ ಹುಡುಕುವುದು. ಎಲ್ಲರಿಗೂ 26 ಮಿಲಿಸೆಕೆಂಡ್ ತೊಂದರೆ ಕೊಡುವುದಿಲ್ಲ ಬಿಡಿ. ಆದರೆ ಯಾರಾದರೂ 'ನಮ್ಮ ಸರ್ವರ್ ಒಂದು ಮಿಲಿಸೆಕೆಂಡ್ ಒಳಗಿದೆ' ಅಂದರೆ ರೂಟ್ ಡಿಲೇ, ರೂಟ್ ಡಿಸ್ಪರ್ಷನ್ ಈ ಎರಡು ಸಾಲು ತೋರಿಸಿ ಅಂತ ಕೇಳಿ.

ಟೈಮ್‌ಝೋನ್ ಮತ್ತು ಲೀಪ್ ಸೆಕೆಂಡ್

ಎನ್‌ಟಿಪಿಗೆ ಟೈಮ್‌ಝೋನ್ ಗೊತ್ತಿಲ್ಲ, ಅದು ಹೇಳುವುದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ ಮಾತ್ರ. ಸರ್ವರನ್ನೂ ಯುಟಿಸಿಯಲ್ಲೇ ಇಡಿ, ಜನರಿಗೆ ತೋರಿಸುವಾಗ ಭಾರತೀಯ ಸಮಯಕ್ಕೆ ಬದಲಿಸಿ. ಗಡಿಯಾರ ಐದೂವರೆ ಗಂಟೆ ಸರಿಯಾಗಿ ತಪ್ಪಿದ್ದರೆ ಅದು ಸಿಂಕ್ ತೊಂದರೆಯಲ್ಲ, ಟೈಮ್‌ಝೋನ್ ತೊಂದರೆ. ಕ್ರೋನಿಯನ್ನು ಬೈಯಬೇಡಿ.

ಭೂಮಿಯ ತಿರುಗುವಿಕೆಗೆ ಹೊಂದಿಸಲು ಆಗೊಮ್ಮೆ ಈಗೊಮ್ಮೆ ಯುಟಿಸಿಗೆ ಒಂದು ಸೆಕೆಂಡ್ ಸೇರಿಸುತ್ತಿದ್ದರು. ಈವರೆಗಿನ ಕೊನೆಯದು 2016ರ ಡಿಸೆಂಬರ್ 31ರ ಯುಟಿಸಿ ಮಧ್ಯರಾತ್ರಿ, ಅಂದರೆ ನಮ್ಮಲ್ಲಿ 2017ರ ಹೊಸ ವರ್ಷದ ಬೆಳಗ್ಗೆ ಐದೂವರೆಗೆ. 2012ರಲ್ಲಿ ಇದೇ ಒಂದು ಸೆಕೆಂಡ್ ಲಿನಕ್ಸ್ ಕರ್ನಲ್‌ನ ಒಂದು ದೋಷವನ್ನು ಎಬ್ಬಿಸಿ ಎಷ್ಟೋ ಸರ್ವರ್‌ಗಳ ಸಿಪಿಯು ನೂರಕ್ಕೆ ಏರಿತ್ತು. 2035ರ ಹೊತ್ತಿಗೆ ಈ ಪದ್ಧತಿ ಬಿಡಲು 2022ರಲ್ಲಿ ಅಂತಾರಾಷ್ಟ್ರೀಯ ತೀರ್ಮಾನವಾಗಿದೆ. ಅಲ್ಲಿವರೆಗೆ ಒಂದೇ ಎಚ್ಚರಿಕೆ: ಗೂಗಲ್, ಅಮೆಜಾನ್ ಆ ಸೆಕೆಂಡನ್ನು ಇಡೀ ದಿನದ ಮೇಲೆ ತೆಳುವಾಗಿ ಹರಡುತ್ತವೆ, ಉಳಿದವರು ಒಮ್ಮೆಲೇ ಸೇರಿಸುತ್ತಾರೆ. ಆ ದಿನ ಎರಡರ ನಡುವೆ ಅರ್ಧ ಸೆಕೆಂಡ್‌ವರೆಗೂ ವ್ಯತ್ಯಾಸ ಬರುತ್ತದೆ. ಎರಡೂ ಬಗೆಯವನ್ನು ಒಂದೇ ಕಾನ್ಫಿಗ್‌ನಲ್ಲಿ ಬೆರೆಸಬೇಡಿ.

ಹಂತ 6: ಅಲಾರಂ ಇಡಿ, ಆಮೇಲೆ ಅದನ್ನು ಪರೀಕ್ಷಿಸಿ

'ಕ್ರೋನಿ ಪ್ರೋಸೆಸ್ ಓಡುತ್ತಿದೆಯಾ' ಅನ್ನುವ ಅಲಾರಂ ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ. ಸರ್ವರ್‌ಗಳ ಮೇಲೆ ಕಣ್ಣಿಡಲು ಪ್ರೊಮಿಥಿಯಸ್ ಬಳಸುವವರಿಗೆ ನೋಡ್ ಎಕ್ಸ್‌ಪೋರ್ಟರ್‌ನ ಟೈಮೆಕ್ಸ್ ಲೆಕ್ಕಗಳಲ್ಲಿ ತಪ್ಪು ಹೆಚ್ಚೆಂದರೆ ಎಷ್ಟಿರಬಹುದು, ಕರ್ನಲ್ ಸಿಂಕ್ ಅನ್ನುತ್ತಿದೆಯಾ ಎರಡೂ ಸಿಗುತ್ತವೆ. 50 ಮಿಲಿಸೆಕೆಂಡ್ ದಾಟಿದರೆ ಮೆಸೇಜ್, ಅರ್ಧ ಸೆಕೆಂಡ್ ದಾಟಿದರೆ ಡ್ಯೂಟಿಯಲ್ಲಿರುವವರಿಗೆ ಫೋನ್, ಇದು ಸಾಮಾನ್ಯ ವೆಬ್ ಕೆಲಸಕ್ಕೆ ನಾನು ಇಡುವ ಗೆರೆ. ಇದರ ಜೊತೆಗೆ ಉತ್ತರ ಕೊಡುತ್ತಿರುವ ಮೂಲಗಳು ಮೂರಕ್ಕಿಂತ ಕಡಿಮೆಯಾದರೂ ಮೆಸೇಜ್ ಬರಲಿ. ಮೂಲಗಳು ಒಂದೊಂದಾಗಿ ಕಳಚಿಕೊಳ್ಳುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಅಲಾರಂ ಇಟ್ಟ ಮೇಲೆ ಒಂದು ಟೆಸ್ಟ್ ಸರ್ವರ್‌ನಲ್ಲಿ ಹೊರಹೋಗುವ ಯುಡಿಪಿ 123 ಮುಚ್ಚಿ ನೋಡಿ. ತಕ್ಷಣ ಏನೂ ಆಗುವುದಿಲ್ಲ. ಕ್ರೋನಿ ಕಲಿತ ವೇಗದ ಮೇಲೆಯೇ ಗಡಿಯಾರ ಓಡಿಸುತ್ತಾ ಇರುತ್ತದೆ, ರೂಟ್ ಡಿಸ್ಪರ್ಷನ್ ಮಾತ್ರ ನಿಧಾನಕ್ಕೆ ಏರುತ್ತದೆ. ಬಹಳ ದಿನದಿಂದ ಚೆನ್ನಾಗಿ ಓಡುತ್ತಿರುವ ಯಂತ್ರ 1024 ಸೆಕೆಂಡಿಗೊಮ್ಮೆ ಮಾತ್ರ ಕೇಳುವ ಹಂತಕ್ಕೆ ಬಂದಿರುತ್ತದೆ. ಅಲ್ಲಿ ಎಂಟು ಸಲ ತಪ್ಪಿ ರೀಚ್ 0 ಆಗಲು ಎರಡು ಗಂಟೆಯ ಮೇಲೆ ಬೇಕು. ಹಾಗಾಗಿ ಐದು ನಿಮಿಷ ನೋಡಿ ಅಲಾರಂ ಬರಲಿಲ್ಲ ಅಂತ ಎದ್ದು ಹೋಗಬೇಡಿ, ಊಟಕ್ಕೆ ಹೋಗುವ ಮುಂಚೆ ಪೋರ್ಟ್ ಮುಚ್ಚಿ ಹೋಗಿ. ಅಷ್ಟು ತಡವಾಗಿ ಗೊತ್ತಾದರೆ ಆಗದು ಅನ್ನುವವರು ಸೋರ್ಸಸ್ ಪಟ್ಟಿಯ 'ಲಾಸ್ಟ್‌ಆರ್ಎಕ್ಸ್' ಕಾಲಂ ಮೇಲೆ ಇನ್ನೊಂದು ಅಲಾರಂ ಇಡಬಹುದು. ಕೊನೆಯ ಉತ್ತರ ಬಂದು ಎಷ್ಟು ಹೊತ್ತಾಯಿತು ಅಂತ ಅದು ಹೇಳುತ್ತದೆ. 40 ನಿಮಿಷ ದಾಟಿದರೆ ಎರಡು ಸಲ ತಪ್ಪಿದಂತೆ. ಪರೀಕ್ಷೆ ಮುಗಿದ ಮೇಲೆ ಆ ಫೈರ್‌ವಾಲ್ ನಿಯಮ ತೆಗೆಯಲು ಮರೆಯಬೇಡಿ.